ಇಡೀ ದಿನದ ಮರದಚ್ಚು ಕೆತ್ತನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಿಗ್ಗೆ ಕೂತು ಸಂಜೆಯೊಳಗೆ ಒಂದು ಮರದಚ್ಚಿನ ಹಲಗೆಯನ್ನು (ಕೆತ್ತದೆ ಉಳಿದ ಭಾಗಕ್ಕೆ ಮಸಿ ಹಚ್ಚಿ ಕಾಗದಕ್ಕೆ ಚಿತ್ರ ಒತ್ತುವ ಹಲಗೆ) ಪೂರ್ತಿ ಕೆತ್ತಿ ಮುಗಿಸಬೇಕು ಎಂದು ಹೊರಟವರ ಪ್ರಶ್ನೆಗಳು ಇಲ್ಲಿವೆ. ಒಂದೆರಡು ಸಣ್ಣ ಬ್ಲಾಕ್ ಕೆತ್ತಿ ಕೈ ಸ್ವಲ್ಪವಾದರೂ ಪಳಗಿದೆ ಎಂದುಕೊಂಡೇ ಬರೆದಿದ್ದೇವೆ. ಉಳಿಯನ್ನು ಈವರೆಗೆ ಹಿಡಿದೇ ಇಲ್ಲವಾದರೆ ಅಂಗೈ ಅಗಲದ ಎರಡು ಹಲಗೆ ಕೆತ್ತಿ ನೋಡಿ, ಆಮೇಲೆ ಈ ಸಾಹಸಕ್ಕೆ ಇಳಿಯಿರಿ.

ಒಂದು ದಿನದಲ್ಲಿ ಎಷ್ಟು ದೊಡ್ಡ ಹಲಗೆ ಮುಗಿಯುತ್ತದೆ?

ಊಹೆ ಬೇಡ, ಅಳೆದು ನೋಡಿ. ನೀವು ಬಳಸಲಿರುವ ಮರದ್ದೇ ಒಂದು ತುಂಡು ತೆಗೆದುಕೊಳ್ಳಿ. ಅದರ ಮೇಲೆ 10×10 ಸೆಂ.ಮೀ. ಚೌಕ ಹಾಕಿ, ನಿಮ್ಮ ಚಿತ್ರದಲ್ಲಿ ತೀರಾ ಸುಲಭವೂ ಅಲ್ಲದ ತೀರಾ ಕಷ್ಟವೂ ಅಲ್ಲದ ಭಾಗವನ್ನು ಅದರೊಳಗೆ ಬಿಡಿಸಿ, ಗಡಿಯಾರ ಇಟ್ಟುಕೊಂಡು ಕೆತ್ತಿ.

35 ನಿಮಿಷ ಹಿಡಿಯಿತು ಎಂದುಕೊಳ್ಳೋಣ. 30×40 ಸೆಂ.ಮೀ. ಹಲಗೆಯಲ್ಲಿ ಅಂಥ 12 ಚೌಕಗಳಿರುತ್ತವೆ, ಅಂದರೆ 420 ನಿಮಿಷ, ಏಳು ಗಂಟೆ. ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ ಹತ್ತು ಗಂಟೆ ಇದೆಯಲ್ಲ, ಆರಾಮಾಗಿ ಆಗುತ್ತದೆ ಅನ್ನಿಸಬಹುದು. ಆದರೆ ಊಟ, ವಿರಾಮ, ಹರಿತ ಮಾಡುವುದು, ಚಕ್ಕೆ ಗುಡಿಸುವುದು ಎಲ್ಲ ಕಳೆದರೆ ಉಳಿ ಮರಕ್ಕೆ ತಾಗಿರುವ ಸಮಯ ಆರು, ಹೆಚ್ಚೆಂದರೆ ಆರೂವರೆ ಗಂಟೆ. ಮಧ್ಯಾಹ್ನದ ಮೇಲೆ ವೇಗವೂ ಇಳಿಯುತ್ತದೆ. ಹಾಗಾಗಿ ಲೆಕ್ಕವನ್ನು ಐದು ಗಂಟೆಗೇ ಕಟ್ಟಿ. ಅದೇ ಚಿತ್ರವನ್ನು 25×35 ಸೆಂ.ಮೀ.ಗೆ ಇಳಿಸಿದರೆ ಐದು ಗಂಟೆ ಐದಾರು ನಿಮಿಷಕ್ಕೆ ಬಂದು ನಿಲ್ಲುತ್ತದೆ.

ಚಿತ್ರ ಕುಗ್ಗಿಸುವಾಗ ಗೆರೆಗಳೂ ಕುಗ್ಗುತ್ತವೆ ಎಂಬುದು ನೆನಪಿರಲಿ. ಒಂದು ಮಿಲಿಮೀಟರಿಗಿಂತ ಸಣ್ಣದಾದ ಗೆರೆಗಳನ್ನು ಮತ್ತೆ ದಪ್ಪ ಮಾಡಿ, ಇಲ್ಲವೇ ತೆಗೆದುಹಾಕಿ.

ಹಲಗೆ ಸಣ್ಣದು ಮಾಡಲು ಆಗುವುದಿಲ್ಲ. ಸಮಯ ಉಳಿಸಲು ಬೇರೆ ದಾರಿ ಇದೆಯೇ?

ಇದೆ, ಅದು ಚಿತ್ರದಲ್ಲೇ ಇದೆ. ಬಿಳಿ ಹಿನ್ನೆಲೆಯಲ್ಲಿ ಕಪ್ಪು ಗೆರೆ ಉಳಿಯಬೇಕಾದರೆ ಪ್ರತಿ ಗೆರೆಯ ಎರಡೂ ಬದಿ ಕತ್ತರಿಸಬೇಕು, ಮಧ್ಯದ ಜಾಗವನ್ನೆಲ್ಲ ತೋಡಿ ತೆಗೆಯಬೇಕು. 1498ರಲ್ಲಿ ಜರ್ಮನ್ ಕಲಾವಿದ ಡ್ಯೂರರ್ ಹೊರತಂದ ‘ಅಪೊಕ್ಯಾಲಿಪ್ಸ್’ ಸರಣಿಯ ಅಚ್ಚುಗಳೆಲ್ಲ ಈ ಬಗೆಯವು. ಒಂದು ದಿನದ ಕೆಲಸಕ್ಕೆ ಅವನ್ನು ಮಾದರಿ ಮಾಡಿಕೊಳ್ಳಬೇಡಿ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಗೆರೆ ಬರುವಂತೆ ಬಿಡಿಸಿಕೊಂಡರೆ ವಿ ಉಳಿಯ (ವಿ ಆಕಾರದ ಬಾಯಿಯ ಉಳಿ) ಒಂದೇ ಓಟಕ್ಕೆ ಒಂದು ಗೆರೆ. ಕೆತ್ತಬೇಕಾದ ಜಾಗ ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಪೂರ್ತಿ ಬದಲಿಸಲು ಮನಸ್ಸಿಲ್ಲದಿದ್ದರೆ ಆಕಾಶವನ್ನೋ ನೆಲವನ್ನೋ ಕಪ್ಪಾಗಿ ಬಿಟ್ಟು ಅದರಲ್ಲಿ ಬಿಳಿ ಗೀಟು ಎಳೆಯಿರಿ. ಹಿನ್ನೆಲೆಯನ್ನು ನುಣ್ಣಗೆ ತೋಡುವ ಬದಲು ಉಳಿಯ ಗುರುತು ಅಲ್ಲಲ್ಲಿ ಮಸಿ ಹಿಡಿಯುವಂತೆ ಬಿಡುವುದೂ ಉಂಟು. ಮರದಚ್ಚಿಗೆ ಅದು ಒಪ್ಪುತ್ತದೆ, ಕೊರತೆ ಅನ್ನಿಸುವುದಿಲ್ಲ.

ಯಾವ ಮರ ಒಳ್ಳೆಯದು?

ದಿನವಿಡೀ ಕೆತ್ತುವುದಾದರೆ ಲಿಂಡನ್ ಅಥವಾ ಬಾಸ್‌ವುಡ್ ಜಾತಿಯ ಮೆದು ಮರದ ಪ್ಲೈವುಡ್ ಹುಡುಕಿ. ‘ಶಿನಾ’ ಎನ್ನುವ ಜಪಾನೀ ಪ್ಲೈವುಡ್ ಕೂಡ ಲಿಂಡನ್ ಮರದ್ದೇ. ಎಳೆ (ಮರದ ನಾರಿನ ಸಾಲು) ಸಮವಾಗಿರುತ್ತದೆ, ಉಳಿ ಎಲ್ಲಿಯೂ ತಡೆಯುವುದಿಲ್ಲ. ಬರ್ಚ್ ಪ್ಲೈವುಡ್ ಗಟ್ಟಿ, ಅಡ್ಡ ಎಳೆಯಲ್ಲಿ ಸಿಬಿರೇಳುತ್ತದೆ, ಮಣಿಕಟ್ಟನ್ನು ಬೇಗ ದಣಿಸುತ್ತದೆ. ಜಪಾನಿನ ಮರದಚ್ಚಿನವರು ನೆಚ್ಚಿಕೊಂಡ ಚೆರ್ರಿ ಹಲಗೆ ಕೂದಲೆಳೆಯಂಥ ಗೆರೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಆದರೆ ಅದು ನಿಧಾನದ ಮರ. ಪೈನ್‌ನಲ್ಲಿ ಒಂದು ಉಂಗುರ ಗಟ್ಟಿ, ಪಕ್ಕದ್ದು ಮೆದು. ಉಳಿ ಹಾರಿ ಹಾರಿ ಓಡುತ್ತದೆ. ತೇಗದಲ್ಲಿರುವ ಸಿಲಿಕಾ ಉಳಿಯ ಬಾಯನ್ನು ಬೇಗ ತಿನ್ನುತ್ತದೆ.

ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಎಂಡಿಎಫ್ ಹಲಗೆಗೆ ಎಳೆಯೇ ಇಲ್ಲ, ಯಾವ ದಿಕ್ಕಿಗಾದರೂ ಕೆತ್ತಬಹುದು. ದೊಡ್ಡ ಆಕಾರಗಳ ಚಿತ್ರಕ್ಕೆ ಪರವಾಗಿಲ್ಲ. ಸಣ್ಣ ಗೆರೆಯ ಅಂಚು ಮಾತ್ರ ರಸ್ಕಿನಂತೆ ಉದುರುತ್ತದೆ, ಉಳಿಯೂ ಬೇಗ ಮೊಂಡಾಗುತ್ತದೆ. ಅದರ ಅಂಟಿನಲ್ಲಿ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಇರುವುದರಿಂದ ಉಜ್ಜುವಾಗ ಧೂಳು ಒಳಗೆ ಹೋಗದಂತೆ ಎನ್95 ಮಾಸ್ಕ್ ಹಾಕಿಕೊಳ್ಳಲೇಬೇಕು.

ಯಾವ ಪ್ಲೈವುಡ್ ಆದರೂ ಕೊಳ್ಳುವಾಗ ಹಲಗೆಯನ್ನು ಪಕ್ಕದಿಂದ ನೋಡಿ. ಮೇಲಿನ ಪದರ ಕಾಗದದಷ್ಟು ತೆಳ್ಳಗಿದ್ದರೆ ಉಳಿ ತಕ್ಷಣ ಅಡ್ಡ ಎಳೆಯ ಎರಡನೇ ಪದರಕ್ಕೆ ಇಳಿದು ಕಿತ್ತುಹಾಕುತ್ತದೆ. ಒಂದು ಮಿಲಿಮೀಟರಾದರೂ ಇರಲಿ. ಒಳಗೆ ಟೊಳ್ಳು ಕಂಡರೆ ಆ ಹಲಗೆಯನ್ನು ಅಲ್ಲೇ ಬಿಡಿ.

ಯಾವ ಯಾವ ಉಳಿ ಬೇಕು?

ಒಂದು ಓರೆಬಾಯಿಯ ಚಾಕು, 3 ಮಿ.ಮೀ. ವಿ ಉಳಿ, 3 ಮತ್ತು 8 ಮಿ.ಮೀ. ಯು ಉಳಿಗಳು, ಬಯಲು (ಗೆರೆಗಳಿಲ್ಲದ ಅಗಲ ಜಾಗ) ತೆಗೆಯಲು 12 ಮಿ.ಮೀ.ನ ಅಗಲ ಯು ಉಳಿ, ಒಂದು ಚಪ್ಪಟೆ ಉಳಿ. ಅಷ್ಟು ಸಾಕು. ಹನ್ನೆರಡು ಉಳಿಗಳ ಅಗ್ಗದ ಸೆಟ್ಟಿಗೆ ಹಾಕುವ ಹಣವನ್ನು ಈ ಆರಕ್ಕೆ ಹಾಕಿ. ಹೆಚ್ಚು ದುಡಿಯುವುದು ವಿ ಉಳಿ. ಅದರದ್ದೊಂದು ಜೋಡಿ ಇದ್ದರೆ ಒಂದು ಮೊಂಡಾದಾಗ ಲಯ ಕೆಡದೆ ಇನ್ನೊಂದು ಎತ್ತಿಕೊಳ್ಳಬಹುದು.

ಜೊತೆಗೆ ಹಲಗೆ ಜಾರದಂತೆ ತಡೆಯುವ ಬೆಂಚ್ ಹುಕ್ ಅಥವಾ ರಬ್ಬರ್ ಚಾಪೆ, ಎರಡು ಕ್ಲ್ಯಾಂಪ್, ಗಟ್ಟಿ ಬ್ರಷ್, ಮರದ ಅಂಟು, ಚಿಮಟ, ಎಡಗೈಗೆ ಉಳಿ ತಾಗಿದರೂ ಕತ್ತರಿಸಿಹೋಗದ ಕೈಗವಸು. ಆ ಗವಸು ಕೊಯ್ತವನ್ನು ತಡೆಯುತ್ತದೆ, ಚುಚ್ಚುವುದನ್ನು ಅಷ್ಟಾಗಿ ತಡೆಯುವುದಿಲ್ಲ.

ಹರಿತ ಮಾಡುವುದು ಹೇಗೆ? ದಿನಕ್ಕೆ ಎಷ್ಟು ಸಲ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಮೊಂಡು ಉಳಿಗೆ ಹೆಚ್ಚು ಒತ್ತಬೇಕು, ಹೆಚ್ಚು ಒತ್ತಿದ ಉಳಿ ಜಾರುತ್ತದೆ. ಕೈ ಕೊಯ್ದುಕೊಳ್ಳುವುದು, ಗೆರೆ ಹಾರಿಹೋಗುವುದು, ಮಣಿಕಟ್ಟು ನೋಯುವುದು ಹೆಚ್ಚಾಗಿ ಇಲ್ಲಿಂದಲೇ ಶುರುವಾಗುತ್ತದೆ.

ಸಾಣೆಯ ಕೆಲಸ ಹಿಂದಿನ ದಿನದ್ದು. ಉಳಿಯ ಇಳಿಜಾರು ಮುಖಕ್ಕೆ ಮಾರ್ಕರ್ ಬಳಿದು 1000 ಗ್ರಿಟ್ (ಸಂಖ್ಯೆ ಹೆಚ್ಚಿದಷ್ಟೂ ನುಣುಪು) ಕಲ್ಲಿನ ಮೇಲೆ ಒಂದೆರಡು ಸಲ ಎಳೆಯಿರಿ. ಬಣ್ಣ ಬಾಯಿಯ ಹತ್ತಿರ ಮಾತ್ರ ಹೋದರೆ ಉಳಿಯನ್ನು ಎತ್ತಿ ಹಿಡಿದಿದ್ದೀರಿ, ಹಿಂದೆ ಮಾತ್ರ ಹೋದರೆ ಮಲಗಿಸಿದ್ದೀರಿ. ಪೂರ್ತಿ ಒಟ್ಟಿಗೆ ಹೋಗಬೇಕು. ಆ ಕೋನ ಬಿಡದೆ ಉಜ್ಜುತ್ತ ಹೋದರೆ ಬಾಯಿಯ ಹಿಂಬದಿಯಲ್ಲಿ ಉಗುರಿಗೆ ತಗಲುವಷ್ಟು ಸಣ್ಣ ಲೋಹದ ಅಂಚು ಏಳುತ್ತದೆ. ಬಾಯಿಯ ಉದ್ದಕ್ಕೂ ಅದು ಎದ್ದ ಮೇಲೆ 4000 ಅಥವಾ 6000 ಕಲ್ಲಿಗೆ ಹೋಗಿ, ಹಿಂಬದಿಯನ್ನು ಹಗುರಾಗಿ ಒಮ್ಮೆ ಸವರಿ ಆ ಅಂಚನ್ನು ತೆಗೆಯಿರಿ.

ಯು ಉಳಿಯನ್ನು ಅದೇ ಕೋನದಲ್ಲಿ ತೊಟ್ಟಿಲಿನಂತೆ ಎಡಕ್ಕೂ ಬಲಕ್ಕೂ ಹೊರಳಿಸುತ್ತ ಉಜ್ಜಬೇಕು. ಹೊರಳಿಕೆ ಸಾಲದಿದ್ದರೆ ಮೂಲೆಗಳು ಮೊಂಡಾಗಿ ಉಳಿಯುತ್ತವೆ, ಹೆಚ್ಚಾದರೆ ಮೂಲೆಗಳು ಸವೆದು ಬಾಯಿ ಉಗುರಿನ ಆಕಾರಕ್ಕೆ ತಿರುಗುತ್ತದೆ. ವಿ ಉಳಿಯ ಎರಡು ಬದಿಗಳನ್ನು ಎರಡು ಚಪ್ಪಟೆ ಉಳಿಗಳೆಂದು ತಿಳಿದು ಬೇರೆ ಬೇರೆಯಾಗಿ ಹರಿತ ಮಾಡಿ. ಎರಡೂ ಸೇರುವ ತಳದಲ್ಲಿ ಗಿಳಿಕೊಕ್ಕಿನಂಥ ಪುಟ್ಟ ಮೊನೆ ಮುಂದಕ್ಕೆ ಚಾಚುತ್ತದೆ. ಅದನ್ನು ಹಾಗೇ ಬಿಟ್ಟರೆ ಉಳಿ ಮರಕ್ಕೆ ಕಚ್ಚಿಕೊಂಡು ಓಡುವುದೇ ಇಲ್ಲ. ತಳದ ಏಣನ್ನು ಕಲ್ಲಿನ ಮೇಲೆ ಎರಡು ಮೂರು ಸಲ ಹಗುರಾಗಿ ಹೊರಳಿಸಿದರೆ ಕೊಕ್ಕು ಹೋಗುತ್ತದೆ. ಒಳಬದಿಗೆ ವಿ ಆಕಾರದ ಸಣ್ಣ ಕಲ್ಲು ಬೇಕು. ಇಲ್ಲದಿದ್ದರೆ 2000 ಗ್ರಿಟ್ ಉಜ್ಜುಕಾಗದವನ್ನು ಮಡಚಿ ಆ ಸಂದಿಗೆ ಹಾಕಿ ಎಳೆಯಬಹುದು.

ಹರಿತವನ್ನು ಬೆರಳಿಗೆ ತಾಗಿಸಿ ನೋಡಬೇಡಿ. ಮೆದು ಮರದ ಮೇಲೆ ಎಳೆಗೆ ಅಡ್ಡಲಾಗಿ ಒಂದು ಗೀಟು ಕೆತ್ತಿ ಬೆಳಕಿಗೆ ಹಿಡಿಯಿರಿ. ಕಾಲುವೆ ಹೊಳೆದರೆ ಸರಿ. ಬೆಳ್ಳಗೆ ನಾರು ಕೆದರಿದ್ದರೆ ಮತ್ತೆ ಕಲ್ಲಿಗೆ.

ಕೆತ್ತುವ ದಿನ ಚರ್ಮದ ಪಟ್ಟಿಯೇ ಸಾಕು. ಮರದ ತುಂಡಿಗೆ ಚರ್ಮ ಅಂಟಿಸಿ ಹಸಿರು ಪಾಲಿಶ್, ಅಂದರೆ ಕ್ರೋಮಿಯಂ ಆಕ್ಸೈಡ್, ತಿಕ್ಕಿಟ್ಟುಕೊಳ್ಳಿ. ಪ್ರತಿ 20–30 ನಿಮಿಷಕ್ಕೆ ಹತ್ತು ಹದಿನೈದು ಎಳೆತ, ಯಾವಾಗಲೂ ಬಾಯಿ ಹಿಂದಿರುವಂತೆ. ಜೋರಾಗಿ ಒತ್ತಿದರೆ ಚರ್ಮ ತಗ್ಗಿ ಬಾಯಿಯ ಹತ್ತಿರ ಮೇಲೆದ್ದು ಅಂಚನ್ನು ದುಂಡಾಗಿಸುತ್ತದೆ, ಆಗ ಹರಿತ ಮಾಡಿದಷ್ಟೂ ಮೊಂಡು. ಉಳಿ ಮೊಂಡಾಯಿತು ಅನ್ನಿಸಿದ ಮೇಲೆ ಪಟ್ಟಿಗೆ ಹೋಗುವುದು ತಡವೇ. ಟೈಮರ್ ಇಡಿ.

ಚಿತ್ರವನ್ನು ಹಲಗೆಗೆ ಇಳಿಸುವುದು ಅದೇ ದಿನ ಬೆಳಿಗ್ಗೆ ಸಾಕೇ?

ಸಾಲದು. ಎರಡು ದಿನ ಮೊದಲು ಮಾಡಿ, ಏಕೆಂದರೆ ನಡುನಡುವೆ ಒಣಗಬೇಕು. 320 ಗ್ರಿಟ್‌ನಲ್ಲಿ ಉಜ್ಜಿ, ನೀರಾಗಿಸಿದ ಕಪ್ಪು ಇಂಡಿಯನ್ ಇಂಕನ್ನು ಬಳಿದು ಹಲಗೆಯನ್ನು ಬೂದು ಮಾಡಿಕೊಳ್ಳಿ. ಕೆತ್ತಿದ ಜಾಗ ಬೆಳ್ಳಗೆ ಎದ್ದು ಕಾಣುತ್ತದೆ, ಅಚ್ಚು ಹೇಗೆ ಬರುತ್ತದೆಂದು ಕೆತ್ತುತ್ತಲೇ ಗೊತ್ತಾಗುತ್ತದೆ. ನೀರಿಗೆ ನಾರು ಎದ್ದಿರುತ್ತದೆ. ಒಣಗಿದ ಮೇಲೆ 400 ಗ್ರಿಟ್‌ನಲ್ಲಿ ಹಗುರಾಗಿ ಸವರಿ. ಆಮೇಲೆ ಅರಗಿನ ಪಾಲಿಶ್, ಅಂದರೆ ಶೆಲ್ಯಾಕ್, ತೆಳ್ಳಗೆ ಒಂದು ಕೋಟ್. ಅದು ಮೇಲಿನ ನಾರನ್ನು ಬಿಗಿದು ಸಿಬಿರನ್ನು ತಗ್ಗಿಸುತ್ತದೆ. ಪಾಲಿಶ್ ಮೊದಲು, ಚಿತ್ರ ಆಮೇಲೆ. ಈ ಕ್ರಮ ತಿರುಗಿಸಿದರೆ ಪಾಲಿಶಿನ ಸ್ಪಿರಿಟ್ ಮಾರ್ಕರ್ ಗೆರೆಗಳನ್ನೆಲ್ಲ ಕಲಸಿಬಿಡುತ್ತದೆ.

ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿರಬೇಕು. ಟ್ರೇಸಿಂಗ್ ಕಾಗದದ ಮೇಲೆ ಎತ್ತಿಕೊಂಡು ಮಗುಚಿ, ಕೆಳಗೆ ಕಾರ್ಬನ್ ಇಟ್ಟು ಬಾಲ್‌ಪೆನ್ನಿನಿಂದ ತಿದ್ದಿದರೆ ಆಯಿತು. ಬೂದು ಹಲಗೆಯ ಮೇಲೆ ಕಪ್ಪು ಕಾರ್ಬನ್ ಮಂಕಾಗಿ ಕಂಡರೆ ಬಿಳಿ ಅಥವಾ ಹಳದಿ ಕಾರ್ಬನ್ ಬಳಸಿ. ಅಕ್ಷರಗಳಿದ್ದರೆ ಹಲಗೆಯನ್ನು ಕನ್ನಡಿಗೆ ಹಿಡಿದು ಓದಿ: ‘ನ’ದ ಸುರುಳಿ, ಒತ್ತಕ್ಷರಗಳ ಬಾಲ ತಿರುಗಿ ಕೂತಿದ್ದರೆ ಹಲಗೆಯ ಮೇಲೆ ಸುಮ್ಮನೆ ನೋಡಿದರೆ ತಿಳಿಯುವುದಿಲ್ಲ.

ಕೊನೆಗೆ, ತೆಗೆಯಬೇಕಾದ ಜಾಗಗಳಲ್ಲೆಲ್ಲ ಕೆಂಪು ಪೆನ್ಸಿಲಿನಿಂದ ಅಡ್ಡಗೀಟು ಹಾಕಿ. ಸಂಜೆ ನಾಲ್ಕರ ಹೊತ್ತಿಗೆ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ಯೋಚಿಸುವ ಸ್ಥಿತಿಯಲ್ಲಿ ತಲೆ ಇರುವುದಿಲ್ಲ.

ದಿನದ ಕೆಲಸವನ್ನು ಹೇಗೆ ಹಂಚಿಕೊಳ್ಳಬೇಕು?

ಮೇಲಿನ ಮೂಲೆಯಿಂದ ಹಿಡಿದು ಕೆಳಗಿನ ಮೂಲೆಯವರೆಗೆ ಕೆತ್ತಿಕೊಂಡು ಹೋಗುವವರೇ ಹೆಚ್ಚು. ಹಾಗೆ ಮಾಡಿದರೆ ಕೆಳಗಿನ ಮೂಲೆಯಲ್ಲಿ ಏನಿದೆಯೋ ಅದು ದಣಿದ ಕೈಗೆ ಸಿಗುತ್ತದೆ. ಅಲ್ಲಿ ಮುಖವಿದ್ದರೆ ಕಥೆ ಮುಗಿಯಿತು. ಜಾಗ ನೋಡಿ ಹಂಚಬೇಡಿ, ತಪ್ಪಿದರೆ ಎಷ್ಟು ನಷ್ಟ ಎಂದು ನೋಡಿ ಹಂಚಿ.

ಮೊದಲ ಅರ್ಧ ಗಂಟೆ ಯಾವ ಅಪಾಯವೂ ಇಲ್ಲದ ಹಿನ್ನೆಲೆಯಲ್ಲಿ ಕೈ ಬಿಸಿ ಮಾಡಿಕೊಳ್ಳಿ. ಅಲ್ಲಿಂದ ಊಟದವರೆಗೆ ಕಣ್ಣು, ಬೆರಳು, ಅಕ್ಷರ, ಸಣ್ಣ ಗೆರೆ. ಊಟಕ್ಕೆ ಏಳುವ ಮೊದಲು ಇಡೀ ಚಿತ್ರದ ಮುಖ್ಯ ಗೆರೆಗಳಿಗೆಲ್ಲ ಚಾಕುವಿನ ಕಚ್ಚು ಬಿದ್ದಿರಬೇಕು. ಊಟವಾದ ಮೇಲೆ ಕಣ್ಣು ಎಳೆಯುತ್ತದೆ, ಆಗ ನಿಂತುಕೊಂಡು ಅಗಲ ಉಳಿಯಲ್ಲಿ ಬಯಲು ತೆಗೆಯಿರಿ. ಸುಮಾರು ಮೂರೂವರೆಯಿಂದ ಐದರವರೆಗೆ ಮತ್ತೊಮ್ಮೆ ಚುರುಕು ಬರುವುದುಂಟು, ಮಧ್ಯಮ ಕಷ್ಟದ ಎಲೆ, ಬಟ್ಟೆ, ಬಿಳಿ ಗೀಟುಗಳನ್ನು ಆ ಹೊತ್ತಿಗೆ ಇಟ್ಟುಕೊಳ್ಳಿ. ಕೊನೆಯ ಒಂದು ಗಂಟೆಗೆ ಹಲಗೆಯ ಅಂಚು, ಆಳ ಸಾಲದ ತಗ್ಗುಗಳು, ಗುಡಿಸುವುದು; ಬೇರೇನೂ ಬೇಡ.

ವಿರಾಮವನ್ನು ಮನಸ್ಸಿಗೆ ಬಿಡಬೇಡಿ, ಗಡಿಯಾರಕ್ಕೆ ಬಿಡಿ. 45 ನಿಮಿಷ ಕೆಲಸ, 10 ನಿಮಿಷ ಎದ್ದು ಓಡಾಟ. ಕಣ್ಣಿಗೆ 20–20–20: ಪ್ರತಿ 20 ನಿಮಿಷಕ್ಕೆ 20 ಅಡಿ ದೂರದ ಏನನ್ನಾದರೂ 20 ಸೆಕೆಂಡು ನೋಡಿ.

ಕೆಲವು ಕಡೆ ಉಳಿ ಬೆಣ್ಣೆಯಂತೆ ಹೋಗುತ್ತದೆ, ಕೆಲವು ಕಡೆ ಮರ ಕಿತ್ತುಬರುತ್ತದೆ. ಏಕೆ?

ಎಳೆಯ ದಿಕ್ಕು. ಬೆಕ್ಕಿನ ಬೆನ್ನು ಸವರಿದ ಹಾಗೆ: ಒಂದು ಕಡೆಗೆ ನಯ, ತಿರುಗಿಸಿದರೆ ಕೆದರುತ್ತದೆ. ಎಳೆಗೆ ಓರೆಯಾಗಿ ವಿ ಉಳಿ ಓಡಿಸಿ ಆ ಕಾಲುವೆಯನ್ನು ಹತ್ತಿರದಿಂದ ನೋಡಿ. ಒಂದು ಗೋಡೆ ಹೊಳೆಯುತ್ತಿರುತ್ತದೆ, ಎದುರಿನ ಗೋಡೆ ಒರಟಾಗಿರುತ್ತದೆ. ಹೊಳೆಯುವ ಗೋಡೆ ನೀವು ಉಳಿಸಿಕೊಳ್ಳುವ ಗೆರೆಯ ಕಡೆಗೆ ಬರುವಂತೆ ಓಟದ ದಿಕ್ಕನ್ನು ಆರಿಸಿಕೊಳ್ಳಬೇಕು. ಒರಟು ಗೋಡೆ ಹೇಗೂ ತೆಗೆದುಹಾಕುವ ಕಡೆಗಿರುತ್ತದೆ, ಅದು ಕೆದರಿದರೆ ಯಾರಿಗೂ ನಷ್ಟವಿಲ್ಲ. ಅದಕ್ಕೇ ವೃತ್ತವನ್ನು ಒಂದೇ ಸುತ್ತಿಗೆ ಕೆತ್ತಬಾರದು. ನಾಲ್ಕು ಭಾಗ ಮಾಡಿ, ಪ್ರತಿ ಭಾಗಕ್ಕೆ ಒಪ್ಪುವ ಕಡೆಯಿಂದ ಬನ್ನಿ. ಕೈ ತಿರುಚಬೇಡಿ, ಹಲಗೆಯನ್ನು ತಿರುಗಿಸಿ.

ಚಾಕು ಹಾಕುವಾಗ ಅದನ್ನು ಗೆರೆಯಿಂದ ಹೊರಗೆ ಇಳಿಜಾರಾಗುವಂತೆ ಓರೆ ಹಿಡಿಯಿರಿ. ಅಡ್ಡಕ್ಕೆ ಕೊಯ್ದು ನೋಡಿದರೆ ಗೆರೆ ಗುಡ್ಡದಂತೆ ಕೆಳಗೆ ಅಗಲವಾಗಿರಬೇಕು. ಒಳಕ್ಕೆ ಓರೆಯಾದರೆ ಗೆರೆಯ ಬುಡ ಕೊರೆದುಹೋಗಿ ಮೊದಲ ಒತ್ತಡಕ್ಕೇ ಮುರಿಯುತ್ತದೆ. ಒಂದೂವರೆ ಮಿ.ಮೀ. ಆಳದ ಒಂದು ಕಚ್ಚು, ಎದುರಿನಿಂದ ಇನ್ನೊಂದು ಓರೆ ಕಚ್ಚು, ನಡುವಿನ ಎಳೆ ದಾರದಂತೆ ಎದ್ದು ಬರುತ್ತದೆ. ಆ ಕಾಲುವೆ ಇದ್ದರೆ ಆಮೇಲೆ ಯು ಉಳಿ ಓಡಿ ಬಂದರೂ ಅಲ್ಲೇ ನಿಲ್ಲುತ್ತದೆ.

ಎಷ್ಟು ಆಳ ತೋಡಬೇಕು?

ಗೆರೆಗಳ ಸಂದಿಯಲ್ಲಿ 1–2 ಮಿ.ಮೀ. ಸಾಕು. ನಾಲ್ಕೈದು ಸೆಂಟಿಮೀಟರಿಗಿಂತ ಅಗಲದ ಬಯಲಿನ ಮಧ್ಯದಲ್ಲಿ 3–4 ಮಿ.ಮೀ., ಏಕೆಂದರೆ ಅಲ್ಲಿ ಮಸಿ ಹಚ್ಚುವ ರೋಲರ್ ತಗ್ಗಿಗೆ ಇಳಿಯುತ್ತದೆ, ಕಾಗದವೂ ಜೋತು ಬೀಳುತ್ತದೆ. ಇಡೀ ಹಲಗೆಯನ್ನು ಒಂದೇ ಆಳಕ್ಕೆ ತೋಡುವುದು ದಂಡದ ದುಡಿಮೆ.

ಕೈ ಜೋಮು ಹಿಡಿಯುತ್ತದೆ. ಮುಂದುವರಿಸಬಹುದೇ?

ಸ್ನಾಯು ದಣಿದು ನೋಯುವುದು ಬೇರೆ, ಜೋಮು ಬೇರೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಮಣಿಕಟ್ಟಿನ ನಡುವಿನ ನರ ಒತ್ತಿಕೊಳ್ಳುತ್ತಿದೆ. ಕಿರುಬೆರಳು, ಉಂಗುರಬೆರಳಾದರೆ ಮೊಣಕೈ ಅಥವಾ ಅಂಗೈ ಅಂಚಿನಲ್ಲಿ ಹಾಯುವ ನರ. ಎರಡರಲ್ಲೂ ಉಳಿ ಕೆಳಗಿಡಬೇಕು. ಅರ್ಧ ಗಂಟೆಯ ನಂತರವೂ ಜೋಮು ಹೋಗದಿದ್ದರೆ ಆ ದಿನದ ಕೆತ್ತನೆ ಮುಗಿಯಿತೆಂದೇ ತಿಳಿಯಿರಿ. ಮರುದಿನವೂ ಇದ್ದರೆ ವೈದ್ಯರಿಗೆ ತೋರಿಸಿ.

ತಡೆಯುವ ದಾರಿ: ಹಿಡಿಕೆ ಸಣ್ಣದಿದ್ದರೆ ಬ್ಯಾಡ್ಮಿಂಟನ್ ಗ್ರಿಪ್ ಟೇಪ್ ಸುತ್ತಿ ದಪ್ಪ ಮಾಡಿ. ಮಣಿಕಟ್ಟು ನೇರವಾಗಿರಲಿ, ಬಲ ಭುಜದಿಂದ ಬರಲಿ. ಕೂತಾಗ ಹಲಗೆ ಮೊಣಕೈ ಮಟ್ಟದಲ್ಲಿರಬೇಕು. ಹಿಂಬದಿಯನ್ನು ಸ್ವಲ್ಪ ಎತ್ತರಿಸಿ 10–15 ಡಿಗ್ರಿ ಓರೆ ಕೊಟ್ಟರೆ ಕುತ್ತಿಗೆ ಬದುಕುತ್ತದೆ. ದೀಪ ತಲೆಯ ಮೇಲೆ ಬೇಡ. ಪಕ್ಕದಿಂದ, ತಗ್ಗಿನಲ್ಲಿ ಇಡಿ, ಬಲಗೈಯವರಿಗೆ ಎಡದಿಂದ. ಕಾಲುವೆಗಳಿಗೆ ನೆರಳು ಬಿದ್ದು ಬಗ್ಗಿ ನೋಡುವ ಕಷ್ಟ ತಪ್ಪುತ್ತದೆ.

ಬೇಕಾದ ಗೆರೆಯೇ ಹಾರಿಹೋಯಿತು. ಏನು ಮಾಡಲಿ?

ಮೊದಲು ಕೈ ನಿಲ್ಲಿಸಿ, ಊದಬೇಡಿ, ಗುಡಿಸಬೇಡಿ. ಆ ಚಕ್ಕೆ ಅಲ್ಲೇ ಎಲ್ಲೋ ಇರುತ್ತದೆ. ಚಿಮಟದಲ್ಲಿ ಎತ್ತಿ, ಕಡ್ಡಿ ತುದಿಯಲ್ಲಿ ಮರದ ಅಂಟು ಸವರಿ, ಎಳೆ ಕೂಡಿಸಿ ಕೂರಿಸಿ. ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ಭಾರ ಹೇರಿ ಒಂದು ಗಂಟೆ ಆ ಕಡೆ ಹೋಗಬೇಡಿ.

ಚಕ್ಕೆ ಸಿಗಲಿಲ್ಲವೇ? ಗೆರೆ ಇದ್ದ ಕಡೆ ವಿ ಕಾಲುವೆ ತೋಡಿ, ಅದೇ ಮರದ ಬೆಣೆಯೊಂದನ್ನು ಅಂಟು ಹಾಕಿ ಬಡಿದು, ಒಣಗಿದ ಮೇಲೆ ಮಟ್ಟ ಮಾಡಿ ಮತ್ತೆ ಕೆತ್ತಬಹುದು. ಹೀಗೆ ಮರುಕೆತ್ತುವುದು ಅದೇ ದಿನ ಆಗದು, ಮರುದಿನಕ್ಕೆ ಬಿಡಿ. ಎರಡು ಮೂರು ಮಿಲಿಮೀಟರಿನ ತಪ್ಪಾದರೆ ಚಿತ್ರವನ್ನೇ ಅದಕ್ಕೆ ಹೊಂದಿಸಿಕೊಳ್ಳುವುದು ಜಾಣತನ.

ಉಳಿ ಬಿದ್ದು ಮರ ತಗ್ಗಾಗಿದ್ದರೆ, ನಾರು ತುಂಡಾಗಿಲ್ಲದಿದ್ದರೆ, ಒಂದು ಹನಿ ನೀರು ಹಾಕಿ ಒದ್ದೆ ಬಟ್ಟೆಯ ಮೇಲಿಂದ ಇಸ್ತ್ರಿಪೆಟ್ಟಿಗೆ ತಾಗಿಸಿ. ಅಮುಕಿದ ನಾರು ಉಬ್ಬಿ ಮೇಲೆ ಬರುತ್ತದೆ.

ಕೈ ಕೊಯ್ದುಕೊಂಡರೆ?

ಹರಿಯುವ ನೀರಲ್ಲಿ ತೊಳೆದು, ಶುಭ್ರ ಬಟ್ಟೆಯಿಂದ 10 ನಿಮಿಷ ಬಿಡದೆ ಒತ್ತಿ, ಕೈ ಎತ್ತಿ ಹಿಡಿಯಿರಿ. ನಡುವೆ ತೆಗೆದು ನೋಡುವ ಚಪಲ ಬೇಡ. ರಕ್ತ ನಿಲ್ಲದಿದ್ದರೆ, ಗಾಯ ಬಾಯಿಬಿಟ್ಟಿದ್ದರೆ, ಬೆರಳು ಮಡಚಲು ಬಾರದಿದ್ದರೆ ಅಥವಾ ತುದಿಗೆ ಸ್ಪರ್ಶ ತಿಳಿಯದಿದ್ದರೆ ತಕ್ಷಣ ಆಸ್ಪತ್ರೆಗೆ. ಟೆಟನಸ್ ಚುಚ್ಚುಮದ್ದು ಯಾವಾಗ ಆಗಿತ್ತೆಂದು ಮೊದಲೇ ನೋಡಿಕೊಳ್ಳಿ. ಇಷ್ಟೆಲ್ಲ ಬೇಡವೆಂದರೆ ಒಂದೇ ನಿಯಮ: ಹಲಗೆ ಹಿಡಿದ ಕೈ ಯಾವತ್ತೂ ಉಳಿಯ ಬಾಯಿಯ ಮುಂದೆ ಬರಬಾರದು.

ಮಧ್ಯೆ ಒಂದು ಪ್ರೂಫ್ (ಪರೀಕ್ಷೆಯ ಅಚ್ಚು) ತೆಗೆದು ನೋಡಬಹುದೇ?

ಮಸಿ ಹಚ್ಚಿ ಬೇಡ. ಎಣ್ಣೆ ಮಸಿ ಆ ದಿನ ಒಣಗುವುದಿಲ್ಲ, ಕೈಗೂ ಚಿತ್ರಕ್ಕೂ ಮೆತ್ತಿಕೊಳ್ಳುತ್ತದೆ. ನೀರಿನ ಮಸಿ ನಾರನ್ನು ಉಬ್ಬಿಸುತ್ತದೆ. ತೆಳ್ಳಗಿನ ಕಾಗದ ಹಾಸಿ ಕ್ರೇಯಾನನ್ನು ಅಡ್ಡ ಮಲಗಿಸಿ ಉಜ್ಜಿ. ಎರಡು ನಿಮಿಷದಲ್ಲಿ ಚಿತ್ರ ಎದ್ದು ಬರುತ್ತದೆ, ಸಾಲದ ಆಳವೂ ಕಾಣುತ್ತದೆ.

ನಾಲ್ಕೈದು ಜನ ಸೇರಿ ಒಂದೇ ದೊಡ್ಡ ಹಲಗೆ ಕೆತ್ತಬಹುದೇ?

4×8 ಅಡಿ ಹಲಗೆಗೆ ನಾಲ್ಕು ಜನ ಸರಿ, ಆರಾದರೆ ಮೊಣಕೈಗೆ ಮೊಣಕೈ ತಾಗುತ್ತದೆ. ಎದುರುಬದುರು ಕೂತವರು ಒಬ್ಬರ ಕಡೆಗೊಬ್ಬರು ಉಳಿ ಓಡಿಸಬಾರದು. ಒಬ್ಬೊಬ್ಬರ ಕೈಯೂ ಬೇರೆ. ಚೌಕ ಚೌಕವಾಗಿ ಹಂಚಿದರೆ ಅಚ್ಚಿನಲ್ಲಿ ತೇಪೆ ಹಾಕಿದಂತೆ ಕಾಣುತ್ತದೆ. ಗೆರೆಗಳನ್ನೆಲ್ಲ ಇಬ್ಬರಿಗೆ, ಬಯಲನ್ನೆಲ್ಲ ಇನ್ನಿಬ್ಬರಿಗೆ ಕೊಡಿ. ಆಳ ಒಂದೇ ಇರಲೆಂದು ಕಡ್ಡಿಯೊಂದಕ್ಕೆ 3 ಮಿ.ಮೀ. ಗುರುತು ಹಾಕಿ ಎಲ್ಲರಿಗೂ ಒಂದೊಂದು ಕೊಡಿ.

ರೋಟರಿ ಯಂತ್ರ (ತಿರುಗುವ ತುದಿಯಿಂದ ಮರ ಕೊರೆಯುವ ವಿದ್ಯುತ್ ಸಾಧನ) ಬಳಸಬಹುದೇ?

ಅಗಲ ಬಯಲಿಗೆ ಬಳಸಬಹುದು. ಕನ್ನಡಕ, ಮಾಸ್ಕ್ ಕಡ್ಡಾಯ. ಗೆರೆಯಿಂದ ಒಂದು ಸೆಂ.ಮೀ. ದೂರದಲ್ಲೇ ನಿಲ್ಲಿಸಿ, ಉಳಿದದ್ದು ಕೈಯಲ್ಲಿ.

ಸಂಜೆಯಾಯಿತು, ಮುಗಿಯಲಿಲ್ಲ. ಈಗ?

ರಾತ್ರಿ ಹತ್ತಕ್ಕೆ ಹಾರಿದ ಗೆರೆಯನ್ನು ಕೂರಿಸಲು ಮರುದಿನ ಅರ್ಧ ದಿನ ಬೇಕು. ಉಳಿದ ಬಯಲು ತೆಗೆಯಲು ಬೆಳಿಗ್ಗೆ ಒಂದು ಗಂಟೆ ಸಾಕು. ಹಾಗಾಗಿ ನಿಲ್ಲಿಸಿ. ಒಂದು ಬದಿ ಮಾತ್ರ ತೋಡಿದ ಹಲಗೆ ತೇವಕ್ಕೆ ಸಿಕ್ಕರೆ ಬಾಗುತ್ತದೆ. ಗಟ್ಟಿ ಬ್ರಷ್ಷಿನಿಂದ ಗುಡಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸಪಾಟು ನೆಲದ ಮೇಲೆ ಮಲಗಿಸಿ ಮೇಲೊಂದು ಹಲಗೆ ಹಾಕಿ ಭಾರ ಇಡಿ. ಗೋಡೆಗೆ ಒರಗಿಸಿ ಹೋಗಬೇಡಿ. ಉಳಿಗಳಿಗೆ ಕೈಬೆವರು ತಾಗಿರುತ್ತದೆ, ರಾತ್ರಿಯೊಳಗೆ ತುಕ್ಕಿನ ಚುಕ್ಕೆ ಕೂತೀತು. ಒರೆಸಿ, ಮಿನರಲ್ ಎಣ್ಣೆ ಸವರಿದ ಬಟ್ಟೆಯಲ್ಲಿ ಬಾಯಿಗಳು ಒಂದಕ್ಕೊಂದು ತಾಗದಂತೆ ಸುತ್ತಿಡಿ.